ಬಸುರಿ ಫೋಟೊ

ಒಳಗಿನಿಂದ ಚಿಲಕ ಬಿದ್ದ ಸದ್ದಿಗೆ ದೊಡ್ಡಮುನಿಯಮ್ಮ ಬೆಂಚಿನಿಂದ ಎದ್ದೇಬಿಟ್ಟಳು.

"ಬಾಗ್ಲು ಯಾಕ್ಲಾ ಹಾಕ್ಕಂಡ್ರು?"

"ಬಟ್ಟೆ ಬದಲಾಯಿಸ್ತಿದಾಳೆ ಅಮ್ಮ. ಕೂತ್ಕೋ," ಎಂದ ಮಗ ಸುಗತ, ಫೋನಿನಿಂದ ತಲೆ ಎತ್ತದೆ.

"ನಾನು ಕಾಣದ್ದಾ? ನಿನ್ನ ಹೆತ್ತೋಳಲ್ವಾ ನಾನು?"

ಇಂದಿರಾನಗರದ ಹಳೇ ಬಂಗಲೆಯೊಂದರ ಮಹಡಿಯಲ್ಲಿತ್ತು ಆ ಸ್ಟುಡಿಯೋ. ಕೆಳಗೆ ಕಾಫಿ ಅಂಗಡಿ. ಬೀಜ ಹುರಿಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಸುಗತ ಫೋನನ್ನು ನೋಡುತ್ತಿದ್ದನೇ ಹೊರತು ಬೆರಳು ಆಡುತ್ತಿರಲಿಲ್ಲ. ಅದನ್ನೂ ಅವಳು ಗಮನಿಸಿದಳು.

ಬೆಳಿಗ್ಗೆ ಕೆ.ಆರ್. ಪುರದಿಂದ ಮೆಟ್ರೊದಲ್ಲಿ ಬರುವಾಗಲೂ ಇದೇ ಕಥೆ. ಪಕ್ಕದಲ್ಲಿ ಜಾಗವಿದ್ದರೂ ಸೊಸೆ ಮೋನಿಷಾ ಎದುರಿಗೆ ಹೋಗಿ ಕೂತು, ಬ್ಯಾಗನ್ನು ಮಡಿಲಿಗೆ ಏರಿಸಿಕೊಂಡಳು, ಹೊಟ್ಟೆ ಕಾಣದ ಹಾಗೆ. ಮನೆಯಲ್ಲಿಯೂ ಅತ್ತೆಯ ಹೆಜ್ಜೆ ಸಪ್ಪಳವಾದರೆ ವೇಲು ಎಳೆದುಕೊಳ್ಳುತ್ತಾಳೆ. ತಲೆಗೆ ಎಣ್ಣೆ ಹಚ್ಚುತ್ತೇನೆ ಎಂದರೆ ತಲೆನೋವು ಎನ್ನುತ್ತಾಳೆ. ಶನಿವಾರ ಬಂತೆಂದರೆ ಲಿಂಗರಾಜಪುರದ ತೌರಿಗೆ ಹೊರಟುಬಿಡುತ್ತಾಳೆ. ಸ್ಕ್ಯಾನಿಂಗಿನಲ್ಲಿ ಏನಂದರು ಎಂದು ಸೊಸೆಯನ್ನು ಕೇಳಿದರೆ, "ಎಲ್ಲಾ ಸರಿಯಿದೆ" ಎಂದು ಮಗ ಮುಂದೆ ಬಿದ್ದು ಹೇಳುತ್ತಾನೆ. ಸರಿಯಿದ್ದರೆ ಮುಚ್ಚಿಡುವುದು ಏಕೆ? ಹಿಂದೆ ಎರಡು ಸಲ ಬಸುರು ನಿಂತು, ಎರಡು ಸಲವೂ ಕೈಗೆ ಸಿಗದೆ ಹೋಗಿತ್ತು. ಇದಕ್ಕೂ ಏನೋ ಆಗಿದೆ, ಇಬ್ಬರೂ ಸೇರಿಕೊಂಡು ತನ್ನಿಂದ ಬಚ್ಚಿಡುತ್ತಿದ್ದಾರೆ. ಹಾಗೆಂದೇ ಅವಳು ಹಟ ಹಿಡಿದು ಜೊತೆಗೆ ಹೊರಟಿದ್ದು. ಮನೆಯಲ್ಲಿ ತೋರಿಸದ ಹೊಟ್ಟೆಯನ್ನು ಫೋಟೊದವರಿಗೆ ತೋರಿಸಲೇಬೇಕಲ್ಲ. ಒಂದು ಸಲ ಕಣ್ಣಾರೆ ಕಂಡರೆ ಸಾಕು, ಕೂಸು ಹೇಗೆ ಕೂತಿದೆ ಎಂದು ತಿಳಿದುಬಿಡುತ್ತದೆ.

ಬಾಗಿಲು ತೆಳುವಾಗಿತ್ತು. ಫೋಟೊ ತೆಗೆಯುವ ಹುಡುಗಿ ಮಿಸ್ಬಾಳ ದನಿ ಆಚೆಗೂ ಕೇಳುತ್ತಿತ್ತು.

"ನೇರ ನಿಂತ್ರೆ ಹೊಟ್ಟೆ ಚಪ್ಪಟೆ ಕಾಣುತ್ತೆ ಮೇಡಂ. ಪಕ್ಕಕ್ಕೆ ತಿರುಗಿ. ಹಾಂ, ಕಿಟಕಿ ಕಡೆ. ಭಾರ ಎಲ್ಲಾ ಹಿಂದಿನ ಕಾಲಿಗೆ ಬಿಟ್ಬಿಡಿ. ಕೈ ಒತ್ತಬೇಡಿ, ಒತ್ತಬೇಡಿ! ಸುಮ್ನೆ ಇಟ್ಟಂಗಿರ್ಲಿ."

ಒತ್ತಬಾರದೇ? ಒತ್ತಿದರೆ ಏನಾಗುತ್ತದೆ? ದೊಡ್ಡಮುನಿಯಮ್ಮ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದಳು.

"ಉಸಿರು ಬಿಗಿ ಹಿಡೀಬೇಡಿ ಮೇಡಂ. ಭುಜ ಕಿವಿಗೆ ಅಂಟ್ಕೊಂಡಿದೆ ನೋಡಿ. ಯಾಕೆ ಹೆದರ್ತೀರಾ? ಇಲ್ಲಿ ನಾವಿಬ್ರೇ ಇರೋದು."

"ನಾವಿಬ್ರೇ ಅಂತೆ," ಎಂದಳು ದೊಡ್ಡಮುನಿಯಮ್ಮ ಮಗನ ಕಡೆ ತಿರುಗಿ. "ನನ್ನ ಯಾಕ್ ಬುಡಾಕಿಲ್ಲ ಒಳಕ್ಕೆ?"

"ಸ್ಟುಡಿಯೋ ರೂಲ್ಸ್ ಅಮ್ಮ. ಯಾರನ್ನೂ ಬಿಡಲ್ಲ."

ರೂಲ್ಸ್ ಎಂಬ ಮಾತಿಗೆ ಅವಳು ಬಾಗಿಲಿನಿಂದ ಹಿಂದೆ ಸರಿದಳು. ಆಸ್ಪತ್ರೆ, ಬ್ಯಾಂಕು, ಎಲ್ಲ ಕಡೆಯೂ ಆ ಮಾತಿಗೆ ಸುಮ್ಮನಾಗಿಯೇ ಅಭ್ಯಾಸ. ಆದರೆ ಕಣ್ಣು ಸುಮ್ಮನಿರಲಿಲ್ಲ. ಗೋಡೆ ತುಂಬ ಬಸುರಿಯರ ಫೋಟೊಗಳು. ಒಬ್ಬಳು ಕೆಂಪು ಸೀರೆಯಲ್ಲಿ, ಒಬ್ಬಳು ಉದ್ದನೆಯ ಗೌನಿನಲ್ಲಿ, ಒಬ್ಬಳು ಬರೀ ನೆರಳಾಗಿ. ಮೂಲೆಯ ಫೋಟೊದ ಹತ್ತಿರ ಬಂದು ಅವಳು ನಿಂತುಬಿಟ್ಟಳು. ಅಲ್ಲಿ ಬಸುರಿಯ ಪಕ್ಕದಲ್ಲಿ ತಲೆ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳಿದ್ದಳು. ಸುಕ್ಕುಗಟ್ಟಿದ ಕೈ ನೇರ ಹೊಟ್ಟೆಯ ಮೇಲಿತ್ತು. ಇಬ್ಬರೂ ನಗುತ್ತಿದ್ದರು.

ಚಿಲಕ ಸರಿಯಿತು. ಮಿಸ್ಬಾ ತಲೆ ಹೊರಗೆ ಹಾಕಿ, "ಸರ್, ಈಗ ನೀವು ಬನ್ನಿ. ಜೋಡಿ ಫೋಟೊ," ಎಂದಳು.

"ತಾಳವ್ವಾ," ಎಂದಳು ದೊಡ್ಡಮುನಿಯಮ್ಮ. "ಈ ವಯಸ್ಸಾದಮ್ಮ ಎಂಗೆ ಒಳಕ್ಕೋದ್ಲು?"

"ಅದಾ? ನಮ್ಮ ದಾದಿ ಅಮ್ಮಾ, ಅಪ್ಪನ ತಾಯಿ! ನಮ್ಮತ್ತಿಗೆ, ಭಾಭಿ ಫೋಟೊ ತೆಗೀವಾಗ ಬಂದಿದ್ರು. ಶಿವಾಜಿನಗರದಿಂದ ಇಲ್ಲೀವರೆಗೂ ಆಟೋದವನ ಜೊತೆ ಜಗಳ ಆಡ್ಕೊಂಡೇ ಬಂದ್ರು." ಮಿಸ್ಬಾ ನಕ್ಕಳು. "ಮನೆಯೋರು ಒಳಗೆ ಬಂದ್ರೆ ನಂಗೂ ಒಳ್ಳೇದು. ಮುಖದಲ್ಲಿ ನಗು ತಾನಾಗೇ..."

ಸುಗತನ ಮುಖ ಕಂಡು ಅವಳ ಮಾತು ಅರ್ಧಕ್ಕೇ ನಿಂತಿತು.

"ರೂಲ್ಸು," ಎಂದಳು ದೊಡ್ಡಮುನಿಯಮ್ಮ.

ಸುಗತ ತಾಯಿಯನ್ನು ದಾಟಿಕೊಂಡು ಒಳಗೆ ಹೋದ. ಬಾಗಿಲು ಮತ್ತೆ ಮುಚ್ಚಿತು, ಈ ಸಲ ಚಿಲಕ ಬೀಳಲಿಲ್ಲ. ಒಳಗೆ ಏನೋ ಟಪ್ಪೆಂದು ಬಿತ್ತು. ಎತ್ತಿ ನಿಲ್ಲಿಸಿದರು. ಮತ್ತೆ ಬಿತ್ತು.

"ಬೆಳಕು ತಿರುಗಿಸೋ ಈ ಹಲಗೆ ಕುರ್ಚಿ ಮೇಲಿಟ್ರೆ ಇಬ್ಬರ ಎತ್ತರಕ್ಕೆ ಸಾಲಲ್ಲ," ಎಂದಳು ಮಿಸ್ಬಾ. "ಕಿಟಕಿ ಬೆಳಕು ಒಂದೇ ಕಡೆ ಬೀಳ್ತಿದೆ, ಈ ಕಡೆ ಪೂರಾ ಕತ್ತಲೆ. ಫ್ಲ್ಯಾಶ್ ಹಾಕಲಾ?"

"ಫ್ಲ್ಯಾಶ್ ಬೇಡ," ಎಂದಳು ಮೋನಿಷಾ.

"ಹಂಗಾದ್ರೆ ಯಾರಾದ್ರೂ ಹಲಗೆ ಎತ್ತಿ ಹಿಡೀಬೇಕು. ಆಚೆ ಅಮ್ಮ ಇದಾರಲ್ಲ, ಕರೀಲಾ?"

"ಬೇಡ!"

ಆ ಕೂಗು ಕೇಳಿ ದೊಡ್ಡಮುನಿಯಮ್ಮ ಬಾಗಿಲು ತಳ್ಳಿದಳು. ಕಿಟಕಿಯ ಪಕ್ಕದಲ್ಲಿ ನಿಂತಿದ್ದ ಮೋನಿಷಾ ಎರಡೂ ಕೈಯಿಂದ ಗೌನನ್ನು ಮುದುಡಿ ಹೊಟ್ಟೆಗೆ ಅವುಚಿಕೊಂಡಳು.

"ಏನಾಗೈತೆ ಕೂಸಿಗೆ? ಬಾಯ್ಬಿಟ್ಟು ಹೇಳ್ರೋ. ಸತ್ತೋಗ್ತೀನಾ ನಾನು ಕೇಳಿದ್ರೆ?"

"ಕೂಸಿಗೆ ಏನೂ ಆಗಿಲ್ಲ ಅಮ್ಮ," ಎಂದ ಸುಗತ. "ಚೆನ್ನಾಗಿದೆ. ದೇವರಾಣೆಗೂ..." ದೇವರನ್ನು ನಂಬದ ಅಪ್ಪ ಮನೆಯಲ್ಲಿ ಬಳಸಗೊಡದ ಮಾತು ಬಾಯಿಗೆ ಬಂದುದಕ್ಕೆ ತಡವರಿಸಿದ.

"ಮತ್ತೆ ಯಾಕೆ ಈ ಮುಚ್ಚಾಟ?"

ಮೋನಿಷಾಳೇ, ಅತ್ತೆಯ ಮುಖ ನೋಡದೆ, ಕಿಟಕಿಗೆ ಹೇಳುವವಳಂತೆ ಹೇಳಿದಳು.

"ಮೊದಲ್ನೇ ಸಲ ಹೊಟ್ಟೆ ಮುಟ್ಟಿ, ಎಷ್ಟು ಚೆಂದ ಕೂತೈತೆ ಅಂದ್ರಿ. ಆ ವಾರಾನೇ ಹೋಯ್ತು. ಎರಡ್ನೇ ಸಲ ನೀವು ಮುಟ್ಟಲೂ ಇಲ್ಲ. ಬಾಗಿಲಲ್ಲಿ ನಿಂತು ನೋಡಿದ್ರಿ ಅಷ್ಟೇ. ನಂಗೊತ್ತು ಅತ್ತೆ, ಇದೆಲ್ಲಾ ಸುಳ್ಳು ಅಂತ. ಡಾಕ್ಟ್ರು ಕಾರಣಾನೂ ಹೇಳಿದ್ರು. ಆದ್ರೂ ನೀವು ಎದುರಿಗೆ ಬಂದ್ರೆ ನಂಗೆ ಕೈಕಾಲು ತಣ್ಣಗಾಗುತ್ತೆ. ಇನ್ನು ಸ್ವಲ್ಪ ದಿನ, ಅತ್ತೆ..."

"ನಾನೂ ಇವಳಿಗೆ ಹೇಳ್ದೆ ಅಮ್ಮ," ಎಂದ ಸುಗತ. "ಅಪ್ಪ ದೃಷ್ಟಿಗೆ ಅಂತ ಬಾಗಿಲಿಗೆ ನಿಂಬೆಹಣ್ಣು ಕಟ್ಟೋಕೂ ಬಿಡ್ತಿರ್ಲಿಲ್ಲ ಅಂತ. ಆದ್ರೆ ಅವಳಿಗೆ ನಿದ್ದೇನೇ ಬರ್ತಿರ್ಲಿಲ್ಲ."

ದೊಡ್ಡಮುನಿಯಮ್ಮನಿಗೆ ಮೊದಲು ಬಾಯಿಗೆ ಬಂದದ್ದು ಬೈಗುಳ. ಅದನ್ನು ನುಂಗಿಕೊಂಡಳು. ಆಮೇಲೆ ಬಂದದ್ದು ಲೆಕ್ಕ. ಹೌದು, ಮುಟ್ಟಿದ್ದೆ. ಹೌದು, ಅಂದಿದ್ದೆ. ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದ್ದೂ ಹೌದು. ತೌರೂರಿನಲ್ಲಿ ಅಯ್ಯಮ್ಮ ಎಂಬ ಹೆಂಗಸಿದ್ದಳು. ಅವಳು ಬೀದಿಗೆ ಬಂದರೆ ಬಾಣಂತಿಯರು ಮಗುವಿನ ಮೇಲೆ ಸೆರಗು ಎಳೆಯುತ್ತಿದ್ದರು, ಹಾಲು ಕರೆಯುವವರು ತಂಬಿಗೆ ಮುಚ್ಚುತ್ತಿದ್ದರು. ಬರಬರುತ್ತಾ ಅಯ್ಯಮ್ಮ ನೆಲ ನೋಡಿಕೊಂಡೇ ನಡೆಯುವುದನ್ನು ಕಲಿತಳು. ಅವಳ ಕಣ್ಣು ಹೇಗಿತ್ತು ಎಂದು ಎಷ್ಟು ನೆನೆದರೂ ದೊಡ್ಡಮುನಿಯಮ್ಮನಿಗೆ ನೆನಪಾಗಲಿಲ್ಲ. ಬೇರೆಯವರ ಕಣ್ಣಿನಂತೆಯೇ ಇತ್ತೇ? ತನ್ನದರಂತೆ?

"ಎಲ್ಲವ್ವಾ ಆ ಹಲಗೆ?" ಎಂದಳು ಮಿಸ್ಬಾಗೆ.

"ಬೇಡ ಅಮ್ಮಾ, ಬಿಡಿ, ನಾನು ಏನಾದ್ರೂ..."

"ಕೊಡವ್ವ. ಹೊತ್ತೋದ್ರೆ ಬೆಳಕೂ ಓಯ್ತದೆ."

ನೆಲ ನೋಡಿಕೊಂಡೇ ಒಳಗೆ ಬಂದು, ಬಿದ್ದಿದ್ದ ದೊಡ್ಡ ಬಿಳೀ ಥರ್ಮೋಕೋಲ್ ಹಲಗೆಯನ್ನು ಎತ್ತಿಕೊಂಡಳು. ತೂಕವೇ ಇರಲಿಲ್ಲ. ಅದನ್ನು ಮುಖಕ್ಕೆ ಅಡ್ಡ ಹಿಡಿದು ನಿಂತಳು. ಈಗ ಅವಳ ಕಣ್ಣೆದುರು ಇದ್ದದ್ದು ನೆನೆಸಿದ ಸಬ್ಬಕ್ಕಿಯಂತೆ ಒತ್ತಾಗಿ ಕೂತ ಬಿಳಿ ಕಾಳುಗಳು ಮಾತ್ರ.

"ಇನ್ನೊಂದು ಸ್ವಲ್ಪ ಮೇಲಕ್ಕೆ," ಎಂದಳು ಮಿಸ್ಬಾ, ಮೆಲ್ಲಗೆ. "ಈಗ ಎಡಕ್ಕೆ ವಾಲಿಸಿ. ಹಾಂ... ಬಂತು. ಮೇಡಂ, ಮುಖಕ್ಕೆ ಬೆಳಕು ಬಂತು. ಸರ್, ಹಿಂದೆ ನಿಂತ್ಕೊಂಡು ಅವರ ಕೈ ಮೇಲೆ ಕೈ ಇಡಿ."

ಬಟ್ಟೆ ಸರಿದ ಸದ್ದಾಯಿತು. ಮುದುಡಿಕೊಂಡಿದ್ದನ್ನು ಬಿಡಿಸಿ ಇಳಿಬಿಟ್ಟ ಸದ್ದು. ಕ್ಯಾಮೆರಾ ಕ್ಲಿಕ್ಕೆಂದಿತು. ಮತ್ತೆ ಕ್ಲಿಕ್ಕೆಂದಿತು. ದೊಡ್ಡಮುನಿಯಮ್ಮನ ರಟ್ಟೆ ನೋಯತೊಡಗಿತು. ಮೋನಿಷಾ ನೀಳವಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಅಯ್ಯೋ!" ಎಂದಳು ಮೋನಿಷಾ, ನಗುತ್ತ.

"ಒದೀತು! ಅಮ್ಮಾ, ನೋಡಮ್ಮ, ಮೇಲಿಂದಲೇ ಕಾಣ್ತಿದೆ, ಹೆಂಗೆ ಒದೀತಿದೆ ನೋಡು!" ಸುಗತ ಎಲ್ಲವನ್ನೂ ಮರೆತು ಕೂಗಿದ.

ಬೇಡ ಎಂದು ಯಾರೂ ಹೇಳಲಿಲ್ಲ. ನೋಡಿ ಎಂದು ಮೋನಿಷಾಳೂ ಹೇಳಲಿಲ್ಲ.

ದೊಡ್ಡಮುನಿಯಮ್ಮ ಬಿಳಿ ಕಾಳುಗಳನ್ನೇ ನೋಡುತ್ತ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಹಲಗೆಯನ್ನು ಒಂದಿಷ್ಟೂ ಇಳಿಯಗೊಡದೆ ನಿಂತಿದ್ದಳು.