ಮೂಲೆಗೆ ಎಸೆದ ಚೆಂಡು

ಕೇಳಿಬಿಡಲೇ? ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾನೆ. ಕೇಳದಿದ್ದರೆ ಈ ಶನಿವಾರವೂ ಹೀಗೇ ಕಳೆದುಹೋಗುತ್ತದೆ. ಅಸ್ಗರ್ ಗೆಳೆಯ ಚಂದ್ರಮೋಹನ್ ಮನೆಯ ಸೋಫಾದ ಮೇಲೆ ತನ್ನ ಮಾಮೂಲಿ ಜಾಗದಲ್ಲಿ ಕುಳಿತು ಮಗನ ಕಾಲುಗಳನ್ನೇ ನೋಡುತ್ತಿದ್ದ. ಆರಡಿ ನಾಲ್ಕಂಗುಲದ ಅಯ್ಮಾನ್ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿದರೆ ಪಾದ ಟೀವಿಯ ಸ್ಟ್ಯಾಂಡಿಗೆ ತಾಗುತ್ತಿತ್ತು. ಸ್ಯಾನ್ ಡಿಯಾಗೋದಲ್ಲಿ ಓದುವವನು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ರಿಸೀವರ್, ಓಡಿ ಚೆಂಡು ಹಿಡಿಯುವವನು. ಆ ತಂಡಕ್ಕೆ ಇವತ್ತು ಸಂಜೆ ಅಲ್ಲಿ ಆಟವಿದೆ. ಇವನು ಇಲ್ಲಿ ಡೈಮಂಡ್ ಬಾರ್ ಊರಿನಲ್ಲಿ ನಿಪ್ಪಟ್ಟು ಮುರಿಯುತ್ತಿದ್ದಾನೆ.

"ಬೈ ವೀಕ್, ಅಬ್ಬಾ," ಎಂದಿದ್ದ ಬೆಳಿಗ್ಗೆ ಮನೆಗೆ ಬಂದಾಗ ಬಾಗಿಲಲ್ಲೇ. ಈ ವಾರ ಆಟಕ್ಕೆ ಬಿಡುವು ಎಂದು. ಮಗ ಬಂದ ಖುಷಿಯಲ್ಲಿ ತಾಯಿ ಸಾಬೆರಾ ಹೆಚ್ಚು ವಿಚಾರಿಸಲಿಲ್ಲ. ತಂಡದ ಆಟಗಳ ಪಟ್ಟಿ ಅಸ್ಗರ್‌ನ ಫೋನಿನಲ್ಲಿತ್ತು. ಅವನೂ ವಿಚಾರಿಸಲಿಲ್ಲ.

ಸೆಪ್ಟೆಂಬರ್ ಬಂತೆಂದರೆ ಶನಿವಾರದ ಮಧ್ಯಾಹ್ನಗಳೆಲ್ಲ ಚಂದ್ರಮೋಹನ್ ಮನೆಯಲ್ಲಿ, ಟೀವಿಯಲ್ಲಿ ಬರುವ ಕಾಲೇಜು ಆಟಗಳ ಮುಂದೆ. ಬಸವನಗುಡಿಯ ಚಂದ್ರಮೋಹನ್, ಮೈಸೂರಿನ ಮಂಡಿ ಮೊಹಲ್ಲಾದ ಅಸ್ಗರ್, ಇಬ್ಬರಿಗೂ ಈ ಆಟ ಹತ್ತಿದ್ದು ನಲವತ್ತು ದಾಟಿದ ಮೇಲೆ. ಅಯ್ಮಾನ್ ಚಿಕ್ಕವನಿದ್ದಾಗ ಶಾಲೆ ಬಿಟ್ಟ ಮೇಲೆ ಇದೇ ಮನೆಯಲ್ಲಿ ಇರುತ್ತಿದ್ದ; ಅವನ ಕನ್ನಡವೆಲ್ಲ ಚಂದ್ರಮೋಹನ್ ಹೆಂಡತಿ ಅರುಂಧತಿ ಆಂಟಿಯ ಅಡಿಗೆಮನೆಯಲ್ಲಿ ಕಲಿತದ್ದು. ಇಲ್ಲಿಗೊಂದು ನಿಯಮವಿತ್ತು. ಚೆಂಡು ಕೊನೆಯ ಇಪ್ಪತ್ತು ಗಜದೊಳಗೆ, ಅಂದರೆ ರೆಡ್ ಝೋನಿಗೆ ಬಂದ ಕೂಡಲೇ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಮುಂದಿನ ಎಸೆತ ಯಾರಿಗೆ, ಎಲ್ಲಿಗೆ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ತಪ್ಪಾದವರು ಚಹಾ ಮಾಡಬೇಕು. ಮನೆಯವರಿಗೆ ವಿನಾಯಿತಿ. ಹಾಗಾಗಿ ಇಷ್ಟು ವರ್ಷ ಚಹಾ ಮಾಡಿದವನು ಅಸ್ಗರ್ ಒಬ್ಬನೇ.

"ಲೋ ಅಯ್ಮಾನ್, ನಿಮ್ ಟೀಮಿಂದು ಎಷ್ಟೊತ್ತಿಗೋ?" ಚಂದ್ರಮೋಹನ್ ರಿಮೋಟ್ ಎತ್ತಿಕೊಂಡ. "ಆ ಚಾನೆಲ್ಲೂ ಹುಡುಕಿಟ್ಟಿರ್ತೀನಿ."

"ಈ ವಾರ ಇಲ್ಲ ಅಂಕಲ್. ಬೈ ವೀಕ್."

"ಏ, ಅದು ಮುಂದಿನ ತಿಂಗಳಲ್ವೇನೋ? ನಾನೇ ನೋಡಿದ್ನಲ್ಲ."

ಅಯ್ಮಾನ್‌ನ ಬೆರಳುಗಳ ನಡುವೆ ನಿಪ್ಪಟ್ಟು ನಿಂತಿತು.

"ಬದಲಾಯಿಸಿದ್ರು ಗುರು," ಎಂದ ಅಸ್ಗರ್. "ನನ್ನ ಫೋನಲ್ಲೇ ಬಂದಿತ್ತು. ನೀನು ರಿಮೋಟ್ ಕೆಳಗಿಡು, ನೋಡಲ್ಲಿ, ರೆಡ್ ಝೋನ್."

ಮಗ ತಿರುಗಿ ನೋಡಿದ್ದು ಅಸ್ಗರ್‌ಗೆ ಗೊತ್ತಾಯಿತು. ಅವನು ಟೀವಿಯಿಂದ ಕಣ್ಣು ಕೀಳಲಿಲ್ಲ.

"ಮಧ್ಯದಲ್ಲಿ ನುಗ್ಗಿಸ್ತಾರೆ, ಎಸೆಯೋದೇ ಇಲ್ಲ," ಚಂದ್ರಮೋಹನ್ ಸಾರಿದ.

"ಆ ಗಿಡ್ಡನಿಗೆ. ಅಡ್ಡ ಓಡ್ತಾನಲ್ಲ, ಅವನಿಗೆ," ಎಂದಳು ಅರುಂಧತಿ.

"ಮೂಲೆಗೆ. ಎತ್ತರದವನಿಗೆ. ಮೇಲಕ್ಕೆಸೆದು ಬಿಟ್ಬಿಡಬೇಕು," ಎಂದ ಅಸ್ಗರ್.

"ಅಯ್ಯೋ, ಇವನದು ಇದೊಂದೇ! ನೀನು ಬರದಿದ್ರೂ ನಿನ್ನ ಹೆಸರಲ್ಲಿ ನಾನೇ ಹೇಳ್ಬಹುದು," ಎಂದ ಚಂದ್ರಮೋಹನ್.

"ಅಲ್ಲಪ್ಪ, ಬೀರು ಮೇಲಿನ ಡಬ್ಬ ಇಳಿಸೋಕೆ ಗಿಡ್ಡನ್ನ ಕರೀತೀಯಾ?"

ಅಯ್ಮಾನ್ ನಕ್ಕ. "ಎತ್ತರ ಒಂದೇ ಸಾಕಾಗಲ್ಲ ಅಬ್ಬಾ. ಮೂಲೇಲಿ ಜಾಗಾನೇ ಇರಲ್ಲ. ಟೈಮಿಂಗ್ ಸ್ವಲ್ಪ ತಪ್ಪಿದ್ರೂ ಕಾಲು ಲೈನಿಂದ ಆಚೆ."

"ಸರಿ, ಪ್ರೊಫೆಸರೇ, ನಿಮ್ಮದೇನು?" ಎಂದ ಚಂದ್ರಮೋಹನ್.

ಅಯ್ಮಾನ್ ಅಪ್ಪನತ್ತ ಬೆರಳು ತೋರಿಸಿದ. "ಅಬ್ಬಾದೇ ನಂದೂ."

ಚೆಂಡು ನಿಜಕ್ಕೂ ಮೂಲೆಗೇ ಹೋಯಿತು. ಉದ್ದನೆಯ ಹುಡುಗ ಇಬ್ಬರ ತಲೆಯ ಮೇಲೆ ಹಾರಿದ. ಎರಡೂ ಅಂಗೈಗೆ ತಾಗಿದ ಚೆಂಡು ಜಾರಿ ಹುಲ್ಲಿನ ಮೇಲೆ ಬಿತ್ತು.

"ಥೂ! ಕೈಗೆ ಬಂದಿದ್ದನ್ನ ಬಿಟ್ನಲ್ಲ! ಅಷ್ಟುದ್ದ ಯಾಕೆ ಬೆಳೆದಿದಾನೆ ಅವನು, ದಂಡಪಿಂಡ!" ಎಂದ ಚಂದ್ರಮೋಹನ್.

"ಬಯ್ಯಬೇಡ ಅವನನ್ನ," ಎಂದ ಅಸ್ಗರ್. ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. "ಚೆನ್ನಾಗೇ ಹಾರಿದ."

ಆಗಸ್ಟಿನ ಒಂದು ಮಂಗಳವಾರ ಅವನು ಇದನ್ನೇ ನೋಡಿದ್ದ. ಗ್ಲೆಂಡೇಲ್ ಆಫೀಸಿನಿಂದ ಸ್ಯಾನ್ ಡಿಯಾಗೋಗೆ ಸೈಟ್ ಸರ್ವೆಗೆ ಹೋದವನು, ಕೆಲಸ ಬೇಗ ಮುಗಿದು, ಮೀನಿನ ಟ್ಯಾಕೊ ಎರಡು ಪೊಟ್ಟಣ ಕಟ್ಟಿಸಿಕೊಂಡು ಕಾಲೇಜಿನ ಅಭ್ಯಾಸದ ಮೈದಾನದತ್ತ ನಡೆದಿದ್ದ. ತಂತಿಬೇಲಿಯಾಚೆ ಮಗನಿಗೆ ಮೂಲೆಗೆ ಚೆಂಡು ಎಸೆಯುತ್ತಿದ್ದರು. ಒಂಬತ್ತರಲ್ಲಿ ಏಳು ಬಿದ್ದವು. ಕೊನೆಗೆ ಕೋಚ್ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋದ. ಅಯ್ಮಾನ್ ತಲೆ ಅಲ್ಲಾಡಿಸಿದ; ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ. ಅಸ್ಗರ್ ಕಾರಿಗೆ ಮರಳಿ ಒಂದು ಪೊಟ್ಟಣ ತಿಂದ. ಇನ್ನೊಂದು ಪಕ್ಕದ ಸೀಟಿನಲ್ಲಿ ಡೈಮಂಡ್ ಬಾರ್‌ವರೆಗೂ ಬಂತು.

"ಪಾಯಿಂಟ್ ಬರಲಿಲ್ಲ, ಲೆಕ್ಕಕ್ಕಿಲ್ಲ! ಅಪ್ಪ ಮಗ ಇಬ್ಬರೂ ಚಹಾಕ್ಕೆ!" ಚಂದ್ರಮೋಹನ್ ಕೂಗಿದ.

ಬೇರೆ ದಿನವಾಗಿದ್ದರೆ ಅಸ್ಗರ್ ಜಗಳಕ್ಕೆ ನಿಲ್ಲುತ್ತಿದ್ದ. ಹೇಳಿದ ಕಡೆಗೇ ಹೇಳಿದವನಿಗೇ ಎಸೆದಿದ್ದರಲ್ಲ. ಇವತ್ತು ಎದ್ದ.

ಹಾಲು ಒಲೆಯ ಮೇಲಿತ್ತು. ಅಯ್ಮಾನ್ ಮೇಲಿನ ಶೆಲ್ಫಿನ ಚಹಾಪುಡಿಯ ಡಬ್ಬವನ್ನು ಹಿಮ್ಮಡಿ ಕೂಡ ಎತ್ತದೆ ಇಳಿಸಿ ಕೈಯಲ್ಲೇ ಹಿಡಿದುಕೊಂಡು ನಿಂತ.

"ಅಬ್ಬಾ. ನಾನು ಟೀಮಲ್ಲಿ ಇಲ್ಲ. ಆಗಸ್ಟಿಂದಾನೇ."

"ಹೂಂ."

"ನಿಮಗೆ ಗೊತ್ತಿತ್ತು. ಯಾವಾಗಿಂದ?"

ಹಾಲು ಉಕ್ಕಿಬಂತು. ಅಸ್ಗರ್ ಉರಿ ತಗ್ಗಿಸಿದ. "ಇವತ್ತು ಬೆಳಿಗ್ಗೆ. ಪಟ್ಟಿ ಫೋನಲ್ಲಿದೆಯಲ್ಲ."

"ಕೋಪ ಇಲ್ವಾ?"

"ಶುಂಠಿ ಜಜ್ಜು."

ಅಯ್ಮಾನ್ ಜಜ್ಜಿದ. ಆ ದೊಡ್ಡ ಅಂಗೈಯಲ್ಲಿ ಕುಟ್ಟಾಣಿ ಆಟದ ಸಾಮಾನಿನಂತಿತ್ತು. "ಅಮ್ಮಿಗೆ?"

"ನೀನೇ ಹೇಳು. ರಾತ್ರಿ ಊಟ ಆಗ್ಲಿ."

"ಇನ್ಮೇಲೆ ನನ್ನ ಶನಿವಾರ ಎಲ್ಲಾ ಖಾಲಿ. ಬರ್ಲಾ ಇಲ್ಲಿಗೆ?"

"ಎರಡು ಗಂಟೆ ದಾರಿ."

"ಗೊತ್ತು."

"ಬಾ. ಶುಂಠಿ ಜಜ್ಜೋಕೆ ಒಬ್ಬ ಬೇಕಿತ್ತು ನನಗೆ."

ಹೊರಗಿನಿಂದ ಚಂದ್ರಮೋಹನ್ ಅರಚಿದ: "ಮತ್ತೆ ರೆಡ್ ಝೋನ್! ಏನಪ್ಪಾ, ಮೂಲೆಗೇ ತಾನೇ?"

ಅಸ್ಗರ್ ಬಾಯಿ ತೆರೆಯುವ ಮೊದಲೇ ಮಗ ಅಡಿಗೆಮನೆಯಿಂದಲೇ ಕೂಗಿದ: "ಮೂಲೆಗೇ ಅಂಕಲ್! ಎತ್ತರದವನಿಗೆ!"

ಇಬ್ಬರೂ ಲೋಟಗಳನ್ನು ಹಂಚಿಕೊಂಡು ಹಿಡಿದು ಹೊರಗೆ ಬಂದರು. ಆಮೇಲೆ ಎಷ್ಟೋ ಶನಿವಾರ ಅಯ್ಮಾನ್ ಬಂದ, ಚಹಾ ಮಾಡಿದ. ಆ ಮಂಗಳವಾರ ತಾನು ಬೇಲಿಯ ಬಳಿ ನಿಂತಿದ್ದೆನೆಂದು ಅಸ್ಗರ್ ಅವನಿಗೆ ಎಂದೂ ಹೇಳಲಿಲ್ಲ.