ಶುಕ್ರವಾರದ ಹಂಪು

ಬಲದಿಯಾದ ಇಂಜಿನಿಯರು ಬಿಳಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ನಡುರಸ್ತೆಯಲ್ಲಿ ಹಾಸಿದ ರಟ್ಟಿನ ಮೇಲೆ ಮಂಡಿಯೂರಿ, ಹಂಪಿನ ಎತ್ತರ ಅಳೆಯುತ್ತಿದ್ದ. ಒಂದು ಸಲ ಅಳೆದು, ನಂಬಿಕೆ ಬಾರದೆ ಇನ್ನೊಂದು ಸಲ ಅಳೆದ. ರಸ್ತೆಯಾಚೆಯ ಖರ್ಜೂರದ ತೋಟದಲ್ಲಿ, ಗೋಡೆಯ ಬಿರುಕಿಗೆ ಕಣ್ಣಿಟ್ಟು ನಿಂತಿದ್ದ ಉಗ್ಗಪ್ಪನ ಬಾಯಲ್ಲಿ ಆಗಷ್ಟೇ ಹಾಕಿಕೊಂಡ ಖರ್ಜೂರವೊಂದಿತ್ತು. ಅವನು ಅದನ್ನು ಅಗಿಯಲೂ ಇಲ್ಲ, ಉಗುಳಲೂ ಇಲ್ಲ.

ಬಲದಿಯಾ ಅಂದರೆ ಪುರಸಭೆ. ಗಲ್ಫಿನ ಅಲ್ ಅಹ್ಸಾದ ಆ ಹಳ್ಳಿಯಲ್ಲಿ ದೀಪದ ಕಂಬದಿಂದ ಬೀದಿಬೆಕ್ಕಿನವರೆಗೆ ಎಲ್ಲದಕ್ಕೂ ಅದೇ ಯಜಮಾನ. ಗಾಡಿಗಳ ವೇಗ ತಗ್ಗಿಸುವ ಈ ಹಂಪೊಂದು ಮಾತ್ರ ಅದರ ಲೆಕ್ಕದಲ್ಲಿ ಇರಲಿಲ್ಲ.

ಹಂಪು ಹುಟ್ಟಿ ಹದಿಮೂರು ದಿನವಾಗಿತ್ತು. ಶುಕ್ರವಾರ ಮಧ್ಯಾಹ್ನ ಊರಿನ ಗಂಡಸರೆಲ್ಲ ಮಸೀದಿಯಲ್ಲಿದ್ದ ಮುಕ್ಕಾಲು ಗಂಟೆಯಲ್ಲಿ ಉಗ್ಗಪ್ಪ ಒಬ್ಬನೇ ಅದನ್ನು ಹಾಕಿ ಮುಗಿಸಿದ್ದ. ನಮಾಜು ಮುಗಿಸಿ ಬಂದವರು ಊಟ ಮಾಡಿ ಮಲಗಿದರು. ಅವರು ಏಳುವಷ್ಟರಲ್ಲಿ ಆ ಬಿಸಿಲಿಗೆ ಅದು ಕಲ್ಲಾಗಿತ್ತು. ಅನುಮತಿ ಕೇಳಬೇಕೆಂಬುದು ಉಗ್ಗಪ್ಪನಿಗೆ ಹೊಳೆಯಲೇ ಇಲ್ಲ. ಬೆಳ್ತಂಗಡಿ ಕಡೆಯ ಅವನ ಊರಿನಲ್ಲಿ ಹಂಪು ಪಂಚಾಯತು ಹಾಕುವುದಲ್ಲ, ಮನೆಯವರು ಹಾಕುವುದು. ಅಂಗಳಕ್ಕೆ ಹಾಕಿದ ಸಿಮೆಂಟು ಎರಡು ಬುಟ್ಟಿ ಉಳಿದರೆ ಅದು ಗೇಟಿನೆದುರಿನ ರಸ್ತೆಗೆ ಹೋಗುತ್ತದೆ. ಇಲ್ಲಿ ತೋಟದ ನೀರಿನ ತೊಟ್ಟಿ ರಿಪೇರಿ ಮಾಡಿದಾಗ ಮೂರು ಬುಟ್ಟಿ ಉಳಿದಿತ್ತು.

ಗಲ್ಫಿಗೆ ಬರುವ ಮೊದಲು ಅವನು ಮೇಸ್ತ್ರಿ. ಊರಿನ ಹನ್ನೊಂದು ಹಂಪು ತನ್ನದೇ ಎಂದು ಹೇಳಿಕೊಳ್ಳುತ್ತಿದ್ದ. ಹಾಲಿನ ಸೊಸೈಟಿಯ ಎದುರಿನ ಹಂಪಿನಲ್ಲಿ ಬಸ್ಸು ಹಾರಿ ಕಂಡಕ್ಟರು ಸೀಟಿ ನುಂಗಿದನಂತೆ. ಮರುದಿನದವರೆಗೆ ಆ ಮನುಷ್ಯ ನಿಟ್ಟುಸಿರು ಬಿಟ್ಟಾಗಲೆಲ್ಲ ಬಸ್ಸು ನಿಲ್ಲುತ್ತಿತ್ತಂತೆ. ಇದನ್ನು ಉಗ್ಗಪ್ಪ ಒಮ್ಮೆಯೂ ನಗದೆ ಹೇಳುತ್ತಿದ್ದ.

ಇಲ್ಲಿಯ ಹಂಪಿಗೆ ಕಾರಣ ಬಾಬಾ. ತೋಟದ ಯಜಮಾನ, ಉಗ್ಗಪ್ಪನ ವೀಸಾಕ್ಕೆ ಹೊಣೆಯಾದ ಕಫೀಲ್, ವಯಸ್ಸು ಎಂಬತ್ತರ ಮೇಲೆ, ಎರಡೂ ಕಿವಿ ಕೇಳಿಸದು. ದಿನಾ ನಾಲ್ಕು ಗಂಟೆಗೆ ರಸ್ತೆ ದಾಟಿ ಆಚೆ ತೋಟದ ಕಾಲುವೆಗೆ ನೀರು ಬಂತೇ ಎಂದು ನೋಡಿ, ಮತ್ತೆ ರಸ್ತೆ ದಾಟಿ ಬರುವುದು ಅವರ ಐವತ್ತು ವರ್ಷದ ಅಭ್ಯಾಸ. ಎಡಕ್ಕೂ ನೋಡುವುದಿಲ್ಲ, ಬಲಕ್ಕೂ ನೋಡುವುದಿಲ್ಲ. ಅವರು ದಾಟಲು ಕಲಿತಾಗ ಆ ದಾರಿಯಲ್ಲಿ ಕತ್ತೆಗಳು ಹೋಗುತ್ತಿದ್ದವು. ಈಗ ಪಿಕಪ್ಪುಗಳು. ಒಂದು ದಿನ ಒಂದು ಪಿಕಪ್ಪಿನ ಕನ್ನಡಿ ಬಾಬಾನ ತಲೆಯ ಗುತ್ರಾವನ್ನು ಸಿಕ್ಕಿಸಿಕೊಂಡು ಹೋಯಿತು. ಕೆಂಪು ಚೌಕಳಿಯ ಆ ಬಟ್ಟೆ ಬಾವುಟದ ಹಾಗೆ ಹಾರುತ್ತ ತಿರುವಿನಲ್ಲಿ ಮರೆಯಾಯಿತು. ಬಾಬಾ ಗಾಳಿ ಜೋರು ಎಂದುಕೊಂಡು ಬರಿದಲೆಯಲ್ಲಿ ಕಾಲುವೆಯ ಕಡೆ ನಡೆದರು. ತೋಟದ ಬಾಗಿಲಲ್ಲಿ ನಿಂತಿದ್ದ ಉಗ್ಗಪ್ಪ ಇದೆಲ್ಲ ನೋಡಿದ್ದ. ಅದರ ಮರುದಿನ ಶುಕ್ರವಾರ.

ಅಳತೆ ಮುಗಿಸಿ ಎದ್ದ ಇಂಜಿನಿಯರು ಈಗ ಹಂಪನ್ನು ಬಿಟ್ಟು ರಸ್ತೆಬದಿಯ ಅಶ್ರಫನ ಕಿರಾಣಿ ಅಂಗಡಿಯ ಮೆಟ್ಟಿಲು ನೋಡುತ್ತಿದ್ದ. ಗೋಡೆಯ ಹಿಂದೆ ಉಗ್ಗಪ್ಪ ಬಾಯಲ್ಲಿದ್ದ ಖರ್ಜೂರವನ್ನು ಬೀಜ ಸಮೇತ ನುಂಗಿದ. ಹಂಪಿನ ಮೇಲೆ ಶಂಕರಪೋಳಿ ಕೊಯ್ದ ಹಾಗೆ ಓರೆ ಗೆರೆಗಳಿದ್ದವು. ಮೂರು ಗೆರೆ ಒತ್ತೊತ್ತಾಗಿ, ಒಂದು ಬಿಟ್ಟು, ಮತ್ತೆ ಮೂರು. ಮಳೆಗೆ ಕಾಲು ಜಾರಬಾರದೆಂದು ಅವನು ಎಲ್ಲ ಕೆಲಸಕ್ಕೂ ಹಾಕುವ ಗೆರೆ ಅದು. ವರ್ಷಕ್ಕೆ ಮೂರು ಹನಿ ಬೀಳುವ ಊರಿಗೆ ಬಂದ ಮೇಲೂ ಕೈ ಬಿಟ್ಟಿರಲಿಲ್ಲ. ಅಶ್ರಫನ ಮೆಟ್ಟಿಲು ಹೋದ ವರ್ಷ ಅವನೇ ಮಾಡಿಕೊಟ್ಟದ್ದು. ಅಲ್ಲೂ ಮೂರು ಗೆರೆ, ಒಂದು ಬಿಟ್ಟು, ಮತ್ತೆ ಮೂರು.

ಇಂಜಿನಿಯರು ಹಂಪಿನ ಫೋಟೋ ತೆಗೆದ. ಮೆಟ್ಟಿಲಿನ ಫೋಟೋ ತೆಗೆದ. ಆಮೇಲೆ ಅಶ್ರಫನ ವಾಸದ ಪರವಾನಗಿ, ಇಕಾಮಾ, ಕೇಳಿ ಅದರ ಫೋಟೋವನ್ನೂ ತೆಗೆದ.

"ಭಾನುವಾರ ಹತ್ತು ಗಂಟೆಗೆ ಆಫೀಸಿಗೆ ಬಾ," ಎಂದು ಅರಬಿಯಲ್ಲಿ ಹೇಳಿ, ರಟ್ಟನ್ನು ಮಡಚಿ ಅಶ್ರಫನಿಗೇ ವಾಪಸು ಕೊಟ್ಟು ಹೋದ. ಅದು ಅಶ್ರಫನ ಅಂಗಡಿಯದೇ ರಟ್ಟು. ದೊಡ್ಡವರ ಬಟ್ಟೆ ಕೊಳೆಯಾಗಬಾರದೆಂದು ಅವನೇ ತಂದು ಹಾಸಿದ್ದ.

ಕಾರು ಮರೆಯಾದ ಮೇಲೂ ಸ್ವಲ್ಪ ಹೊತ್ತು ಕಾದು ಉಗ್ಗಪ್ಪ ಅಂಗಡಿಗೆ ಬಂದ. ಉಪ್ಪಿನಂಗಡಿಯ ಅಶ್ರಫ್ ಹತ್ತು ವರ್ಷದಿಂದ ಆ ಕಿರಾಣಿ ಅಂಗಡಿ ನೋಡಿಕೊಳ್ಳುವವನು. ಮೂಲೆಯಲ್ಲಿ ನಿಂತು ಮೊಟ್ಟೆಯ ಟ್ರೇಗಳನ್ನು ಸುಮ್ಮನೆ ಆಚೀಚೆ ಇಡುತ್ತಿದ್ದ.

"ಎಂತ ಹೇಳಿದ ಅವ?"

"ಮೊಟ್ಟೆ ವ್ಯಾನಿನವ ಕಂಪ್ಲೇಂಟ್ ಕೊಟ್ಟದ್ದಂತೆ. ಮೊಬೈಲಲ್ಲಿ ಫೋಟೋ ಸಮೇತ. ಇಡೀ ಲೋಡು ಆಮ್ಲೆಟ್ ಆಗಿದೆ ಅವಂದು."

"ಆ ಪೆದ್ದನಿಗೆ ಸ್ಲೋ ಮಾಡ್ಲಿಕ್ಕೆ ಎಂತ ಧಾಡಿ?"

"ಉಗ್ಗಪ್ಪಣ್ಣ, ನಾನು ಜುಮಾಕ್ಕೆ ಹೋಗುವಾಗ ರಸ್ತೆ ಚಪ್ಪಟೆ ಉಂಟು. ಬರುವಾಗ ಗುಡ್ಡೆ ಉಂಟು. ಆ ದಿನವೇ ನಾನು ನಿಮಗೆ ಹೇಳ್ಲಿಲ್ವಾ, ಇದು ನಿಮ್ಮ ಊರಲ್ಲ, ರಾತ್ರೆಗೆ ಮೊದಲು ಒಡೆದು ಹಾಕಿ ಅಂತ?"

ಉಗ್ಗಪ್ಪ ಮೆಟ್ಟಿಲ ಮೇಲೆ ಕೂತ. ಗೆರೆಗಳು ಕಂಡದ್ದೇ ಅದರ ಮೇಲೆ ಕಾಲಿಟ್ಟು ಮುಚ್ಚಿದ.

"ಕಳಿಸ್ತಾರಾ?"

"ರಸ್ತೆ ಸರ್ಕಾರದ್ದು. ಕಳಿಸ್ಲಿಕ್ಕೂ ಸಾಕು. ಬೆರಳಿನ ಗುರ್ತು ತೆಗೆದು ಕಳಿಸಿದ್ರೆ ಮತ್ತೆ ಈ ದೇಶಕ್ಕೆ ಬರ್ಲಿಕ್ಕಿಲ್ಲ," ಎಂದ ಅಶ್ರಫ್. ಅವನು ಹೇಳಿದ್ದು ತನ್ನ ವಿಷಯ. ಉಗ್ಗಪ್ಪನಿಗೆ ಕೇಳಿಸಿದ್ದು ಉಗ್ಗಪ್ಪನ ವಿಷಯ.

"ಅಶ್ರಫ್... ನನ್ನ ಹೆಸರು ತೆಗೀಬೇಡ ಆಯ್ತಾ."

ಅಶ್ರಫ್ ಟ್ರೇ ಇಡುವುದನ್ನು ನಿಲ್ಲಿಸಿದ. ಅಂಗಡಿಯ ಹಿಂದಿನ ಕೋಣೆಯ ಬಾಗಿಲಿಗೆ ಗುಲಾಬಿ ಬಣ್ಣದ ಹೊಸ ಪರದೆ ತೂಗುತ್ತಿತ್ತು. ಬರುವ ಬುಧವಾರ ಅವನ ಹೆಂಡತಿ ಖದೀಜತ್ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ವಿಸಿಟ್ ವೀಸಾದಲ್ಲಿ ಬರುವವಳಿದ್ದಳು. ಹತ್ತು ವರ್ಷದಲ್ಲಿ ಮೊದಲ ಸಲ.

"ನಾನು ಹೇಳುದಿಲ್ಲ," ಎಂದ ಅಶ್ರಫ್. "ನಿಮ್ಮ ಮೆಟ್ಲು ಹೇಳಿ ಆಗಿದೆಯಲ್ಲ, ನನ್ನ ಹೆಸರನ್ನು."

ಶುಕ್ರವಾರ, ಶನಿವಾರ ಎರಡು ದಿನ ಉಗ್ಗಪ್ಪ ಬಿಳಿ ನಿಲುವಂಗಿ ಕಂಡಲ್ಲೆಲ್ಲ ಮರದ ಹಿಂದೆ ಸರಿದ. ಆ ದೇಶದಲ್ಲಿ ಅದು ಸುಲಭದ ಕೆಲಸವಲ್ಲ. ಬಾಬಾನೇ ಬಂದಾಗಲೂ ಒಂದು ಸಲ ಅಡಗಿ ಕೂತು ಬೈಗುಳ ತಿಂದ. ಮಂಚದಡಿಯ ಸೂಟ್‌ಕೇಸು ಎಳೆದು ಮೂರು ಅಂಗಿ, ಒಂದು ಟಾರ್ಚು, ಕರಣೆ ಹಾಕಿದ. ಕರಣೆ ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂದು ಯೋಚಿಸಿ ಹೊರಗೆ ತೆಗೆದ. ಹೆಂಡತಿ ಅಕ್ಕು ಫೋನು ಮಾಡಿದಾಗ, "ಅಲ್ಲಿ ಗೇಟಿನೆದುರು ನಾನು ಹಾಕಿದ ಹಂಪು ಉಂಟಲ್ಲ, ಅದಕ್ಕೆ ಯಾರಾದ್ರೂ ಏನಾದ್ರೂ ಹೇಳಿದ್ದುಂಟಾ?" ಎಂದು ಕೇಳಿದ.

"ಹಂಪಿಗೆ ಎಂತ ಹೇಳುದು?" ಎಂದಳು ಅಕ್ಕು. "ಜ್ವರ ಉಂಟಾ ನಿಮಗೆ?"

ಭಾನುವಾರ ಬೆಳಿಗ್ಗೆ ಏಳಕ್ಕೆ ಅಶ್ರಫ್ ಅಂಗಡಿಯ ಶಟರ್ ಎತ್ತಿದಾಗ ಮೆಟ್ಟಿಲ ಮೇಲೆ ಉಗ್ಗಪ್ಪ ಕುಕ್ಕುರುಗಾಲಲ್ಲಿ ಕೂತು, ಉಳಿ ಸುತ್ತಿಗೆಯಿಂದ ಒಂದೊಂದೇ ಗೆರೆ ಕೆತ್ತಿ ತೆಗೆಯುತ್ತಿದ್ದ. ಅರ್ಧ ಮೆಟ್ಟಿಲು ಹುಣ್ಣು ಎದ್ದ ಹಾಗಾಗಿತ್ತು.

"ಅವ ಫೋಟೋ ತೆಗೆದು ಆಗಿದೆ, ಉಗ್ಗಪ್ಪಣ್ಣ."

ಉಗ್ಗಪ್ಪ ಮುಂದಿನ ಗೆರೆಗೆ ಉಳಿ ಇಟ್ಟ. ಅಶ್ರಫ್ ಒಳಗೆ ಹೋದ. ಒಂಬತ್ತೂವರೆಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಗೆ ಬಂದು, ವ್ಯಾನಿನ ಬಾಗಿಲು ತೆಗೆಯುವಾಗ ಅವನ ಫೋನು ಬಡಿದುಕೊಂಡಿತು.

"ಎಂಥದೂ ಇಲ್ಲ ಖದೀಜ, ಬಲದಿಯಾಕ್ಕೆ ಹೋಗಿ ಬರ್ತೇನೆ, ಲೈಸೆನ್ಸಿನ ವಿಷಯ," ಎಂದ. "ಪರದೆಯಾ? ಹಾಕಿ ಆಗಿದೆ. ಗುಲಾಬಿಯೇ. ದೊಡ್ಡವಳಿಗೆ ಹೇಳು."

ಅವನ ಸ್ವರ ಎಂದಿನ ಹಾಗೆಯೇ ಇತ್ತು. ಫೋನು ಇಟ್ಟು, ಅಂಗಡಿಯೊಳಗಿನ ಪರದೆಯನ್ನು ಒಮ್ಮೆ ತಿರುಗಿ ನೋಡಿ ವ್ಯಾನು ಹತ್ತಿದ. ಉಗ್ಗಪ್ಪ ಅದನ್ನು ನೋಡಿದ. ತೋಟದ ಕೋಣೆಗೆ ಓಡಿಹೋದ. ಅಶ್ರಫ್ ವ್ಯಾನು ತಿರುಗಿಸುವಷ್ಟರಲ್ಲಿ ಬಂದು, ಹಿಂದಿನ ಬಾಗಿಲು ಎಳೆದು, ಅಕ್ಕಿ ಮೂಟೆಯ ಮೇಲೆ ಕೂತ. ಕೈಯಲ್ಲಿ ಕರಣೆ ಇತ್ತು.

"ಅದೆಂತಕ್ಕೆ?" ಎಂದ ಅಶ್ರಫ್ ಕನ್ನಡಿಯಲ್ಲಿ ನೋಡಿ.

"ಗೊತ್ತಿಲ್ಲ," ಎಂದ ಉಗ್ಗಪ್ಪ.

ವ್ಯಾನು ಹಂಪಿನ ಮೇಲೆ ಹತ್ತಿ ಇಳಿಯಿತು. ಇಬ್ಬರ ತಲೆಯೂ ಚಾವಣಿಗೆ ಬಡಿಯಿತು.

ಆಫೀಸಿನಲ್ಲಿ ಏಸಿಯ ಚಳಿಗೆ ಉಗ್ಗಪ್ಪನ ಹಲ್ಲು ಕಟಕಟ ಎನ್ನತೊಡಗಿತು. ಇಂಜಿನಿಯರು ಕಂಪ್ಯೂಟರಿನಲ್ಲಿ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಪರದೆಯನ್ನು ಅಶ್ರಫನ ಕಡೆ ತಿರುಗಿಸಿದ.

"ಇದನ್ನು ಮಾಡಿದವನು ಯಾರು?"

ಅಶ್ರಫ್ ಪರದೆ ನೋಡಿದ. ತನ್ನ ಇಸ್ತ್ರಿಯ ತೋಳು ನೋಡಿಕೊಂಡ.

"ನಿನ್ನ ಅಂಗಡಿ. ನಿನ್ನ ಮೆಟ್ಟಿಲು. ಹೆಸರು ಹೇಳು, ಇಲ್ಲವಾದರೆ ನಿನ್ನ ಹೆಸರೇ ಬರೆಯುತ್ತೇನೆ."

ಉಗ್ಗಪ್ಪ ಹೇಳಲು ಹೊರಟ. ಹತ್ತೊಂಬತ್ತು ವರ್ಷದಿಂದ ಕೂಡಿಟ್ಟ ಅರಬಿಯಲ್ಲಿ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ಕನ್ನಡವೂ ಬರಲಿಲ್ಲ, ತುಳುವೂ ಬರಲಿಲ್ಲ. ಕಿಟಕಿಯ ದಂಡೆಯ ಮೇಲೆ ಮೊನ್ನೆಯ ಗಾಳಿಗೆ ಬಂದ ಮರಳಿನ ಹುಡಿ ತೆಳ್ಳಗೆ ಕೂತಿತ್ತು. ಅವನು ಅದರ ಹತ್ತಿರ ಹೋಗಿ, ಕರಣೆಯ ಅಂಚಿನಿಂದ ಗೆರೆ ಎಳೆದ. ಮೂರು ಓರೆ ಗೆರೆ, ಒಂದು ಬಿಟ್ಟು, ಮತ್ತೆ ಮೂರು. ಆಮೇಲೆ ಅಡ್ಡ. ಗೆರೆ ದಾರ ಹಿಡಿದ ಹಾಗೆ ನೆಟ್ಟಗೆ ಬಂತು.

ಇಂಜಿನಿಯರು ಎದ್ದು ಬಂದು ದಂಡೆ ನೋಡಿದ. ಪರದೆ ನೋಡಿದ. ಮತ್ತೆ ದಂಡೆ ನೋಡಿದ.

"ಯಾಕೆ?" ಎಂದ.

"ಬಾಬಾ," ಎಂದ ಉಗ್ಗಪ್ಪ ಬಹಳ ಕಷ್ಟದಿಂದ. "ಗಾಡಿ." ಆಮೇಲೆ ತನ್ನ ತಲೆಯ ಮೇಲಿಂದ ಏನೋ ಹಾರಿಹೋಯಿತೆಂದು ಕೈಯಲ್ಲಿ ತೋರಿಸಿದ. "ಗುತ್ರಾ."

ಉಳಿದದ್ದನ್ನು ಅಶ್ರಫ್ ಅರಬಿಯಲ್ಲಿ ಹೇಳಿದ. ಕಿವಿ ಕೇಳದ ಮುದುಕರು, ನಾಲ್ಕು ಗಂಟೆ, ಕಾಲುವೆ. ಇಂಜಿನಿಯರಿಗೆ ಬಾಬಾ ಗೊತ್ತಿದ್ದರು. ನೀರಿನ ಸರದಿಯ ಜಗಳಕ್ಕೆ ಅವರು ಇದೇ ಆಫೀಸಿಗೆ ಬಂದು ಮೇಜು ಗುದ್ದಿದವರು. ಅವನು ನಗಲಿಲ್ಲ.

"ಇವತ್ತು ಮೂರು ಗಂಟೆಯೊಳಗೆ ನೀನೇ ಒಡೆದು, ರಸ್ತೆ ಗುಡಿಸಿ ಕೊಡಬೇಕು," ಎಂದ. "ಇನ್ನೊಮ್ಮೆ ಕಂಡರೆ ನಾನಲ್ಲ, ಪೊಲೀಸರು ಬರುತ್ತಾರೆ. ಹಂಪು ಬೇಕಾದರೆ ಅರ್ಜಿ ಹಾಕಿ. ಸರದಿ ಬಂದಾಗ ನಾವೇ ಹಾಕುತ್ತೇವೆ."

ಉಗ್ಗಪ್ಪ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅವನಿಗೆ ಸಹಿ ಬರುತ್ತಿತ್ತು. ಆಗ ಬರಲಿಲ್ಲ.

ಒಡೆಯಲು ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಶ್ರಫ್ ಅಂಗಡಿ ಮುಚ್ಚಿ ಬಂದು ಕಲ್ಲು ಹೊತ್ತ. ಮೂರಕ್ಕೆ ಬಲದಿಯಾದ ಒಬ್ಬ ಬಂದು ಸಪಾಟಾದ ರಸ್ತೆಯ ಫೋಟೋ ತೆಗೆದುಕೊಂಡು ಹೋದ. ಬಾಬಾನ ಹೆಸರಿನಲ್ಲಿ ಅಶ್ರಫ್ ಮೊಬೈಲಿನಲ್ಲೇ ಅರ್ಜಿ ಹಾಕಿದ.

"ಪರಿಶೀಲನೆಯಲ್ಲಿದೆ ಅಂತ ಬಂತು," ಎಂದ.

"ಎಷ್ಟು ದಿನ?"

"ಅದು ಬರ್ಲಿಲ್ಲ."

ಮೂರೂ ಮುಕ್ಕಾಲು. ತೋಟದೊಳಗೆ ಬಾಬಾನ ಕೋಲಿನ ಸದ್ದು ಕೇಳಿತು. ದೂರದ ತಿರುವಿನಿಂದ ಒಂದು ಪಿಕಪ್ಪು ಬಂದು, ಒಡೆದ ಜಾಗವನ್ನು ತಡೆಯಿಲ್ಲದೆ ದಾಟಿ ಹೋಯಿತು. ಅದರ ಗಾಳಿಗೆ ಅಶ್ರಫನ ಇಸ್ತ್ರಿ ಅಂಗಿ ಮೈಗೆ ಅಂಟಿಕೊಂಡಿತು. ಉಗ್ಗಪ್ಪ ಅವನ ಮುಖ ನೋಡಿದ. ಆಮೇಲೆ ತೊಟ್ಟಿಯ ಕಡೆ ಓಡಿ, ಒಂದು ಬಕೆಟು ನೀರು ತಂದು, ರಸ್ತೆಯ ಈ ಬದಿಯಿಂದ ಆ ಬದಿಗೆ ಅಗಲವಾದ ಪಟ್ಟಿಯ ಹಾಗೆ ಸುರಿದ. ಬಿಸಿ ಡಾಂಬರಿನ ಮೇಲೆ ಅದು ಕರ್ರಗೆ ಮಿಂಚಿತು. ದೂರಕ್ಕೆ ದಿಣ್ಣೆಯೊಂದು ಮಲಗಿದ ಹಾಗಿತ್ತು.

"ರಸ್ತೆಗೆ ನೀರು ಚೆಲ್ಲುದೂ ತಪ್ಪೇ ಮಾರಾಯ್ರೆ ಇಲ್ಲಿ," ಎಂದ ಅಶ್ರಫ್ ಪಿಸುದನಿಯಲ್ಲಿ.

"ಒಣಗ್ತದೆ," ಎಂದ ಉಗ್ಗಪ್ಪ. "ಐದು ನಿಮಿಷ. ಅಷ್ಟರಲ್ಲಿ ಬಲದಿಯಾ ಬರ್ತದಾ?"

ಬಾಬಾ ಬಾಗಿಲು ದಾಟಿ ಬಂದರು. ನೀರು ಕಂಡು ನಿಂತರು. ಹನಿ ಹನಿಗೂ ಸರದಿ ಹಚ್ಚಿ ಬದುಕಿದ ಮನುಷ್ಯ. ಕೋಲೆತ್ತಿ, "ರಸ್ತೆಯಲ್ಲಿ ಮರ ನೆಟ್ಟಿದ್ದೀಯಾ, ಹುಚ್ಚ?" ಎಂದು ಗದರಿದರು. ಆಮೇಲೆ ಎಡಕ್ಕೂ ನೋಡದೆ, ಬಲಕ್ಕೂ ನೋಡದೆ ರಸ್ತೆಗೆ ಇಳಿದರು.

ತಿರುವಿನಲ್ಲಿ ಬಿಳಿ ಪಿಕಪ್ಪೊಂದು ಕಾಣಿಸಿತು. ಉಗ್ಗಪ್ಪ ಬಕೆಟನ್ನು ಎದೆಗೆ ಅವಚಿಕೊಂಡ. ಪಿಕಪ್ಪು ಬಂತು, ಬಂತು, ಆಮೇಲೆ ಮೂತಿ ತಗ್ಗಿಸಿತು. ಟಯರುಗಳು ಕೀರೆಂದವು. ನಡೆಯುವ ವೇಗಕ್ಕೆ ಇಳಿದು, ಒದ್ದೆ ಪಟ್ಟಿಯ ಎದುರು ಒಂದು ಗಳಿಗೆ ತಡೆದು, ಮೊದಲು ಮುಂದಿನ ಚಕ್ರ, ಮತ್ತೆ ಹಿಂದಿನ ಚಕ್ರ, ಇಲ್ಲದ ಹಂಪನ್ನು ಮೆಲ್ಲನೆ ಹತ್ತಿ ಇಳಿಯುವಂತೆ ದಾಟಿ ಹೋಯಿತು. ಅಷ್ಟರಲ್ಲಿ ಬಾಬಾ ಆಚೆ ಬದಿ ಸೇರಿ ಕಾಲುವೆಯತ್ತ ಬಗ್ಗಿದ್ದರು.

ಪಟ್ಟಿ ಎರಡೂ ತುದಿಯಿಂದ ಬೆಳ್ಳಗಾಗುತ್ತ ಬಂತು. ನಡುವೆ ಒಂದು ಬಟ್ಟಲಿನಷ್ಟು ಕಪ್ಪು ಉಳಿದು, ಅದೂ ಹೋಯಿತು. ಬಾಬಾ ಇನ್ನು ಹಿಂದೆ ಬರುವುದಿತ್ತು. ಉಗ್ಗಪ್ಪ ಬಕೆಟು ತುಂಬಲು ತೊಟ್ಟಿಯ ಕಡೆ ನಡೆದ.