ದೇವರ ಮಾಡದ ಎಡಗೋಡೆ

ಶ್ರಾವಣದ ಜಿಟಿಜಿಟಿ ಮಳೆ ಹಿಡಿದ ಒಂದು ಬೆಳಿಗ್ಗೆ, ನನ್ನ ಹೆಂಡತಿ ನೀಲಗಂಗವ್ವನ ಫೋಟೋ ಹಾಕಲೆಂದು ದೇವರ ಕೋಣೆಯ ಗೋಡೆಗೆ ಡ್ರಿಲ್ ಹಚ್ಚಿದೆ. ಮಗ ಹೇಮಂತ ಸೊಸೆಯನ್ನು ಪಂಚಮಿಗೆ ತವರಿಗೆ ಬಿಟ್ಟುಬರಲು ಹೋಗಿದ್ದ. ಅದೇ ಪಂಚಮಿಗೆಂದು ಯಮನೂರಿನಿಂದ ನನ್ನ ತಂಗಿ ಸಾವಿತ್ರೆವ್ವ ನಮ್ಮ ಮಿಶ್ರಿಕೋಟಿಗೆ ಬಂದಿದ್ದಳು. ಮಗ ಬಂದ ಮೇಲೆ ಹಾಕಿದರೂ ಆಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

ನೀಲಗಂಗವ್ವ ಲಿಂಗೈಕ್ಯಳಾದಂದಿನಿಂದ ನನಗೆ ಪೂಜೆ ಸಾಗುತ್ತಿರಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ಕುಳಿತರೆ ದೃಷ್ಟಿ ಅದರ ಮೇಲೆ ನಿಲ್ಲದೆ ಎಡಕ್ಕೆ, ಅವಳು ಕೂಡುತ್ತಿದ್ದ ಮಣೆಯ ಕಡೆಗೆ ಹೋಗುತ್ತಿತ್ತು. ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಎದುರು ಗೋಡೆಯ ಗೂಡಿನಲ್ಲಿ ನಮ್ಮ ಮನೆದೇವರು ವೀರಭದ್ರನಿದ್ದಾನೆ. ಅದನ್ನು ನಾವು ದೇವರ ಮಾಡ ಎನ್ನುತ್ತೇವೆ. ಅದರ ಎಡಬದಿಯ ಗೋಡೆಯಲ್ಲಿ ಅವಳ ಮುಖವಿದ್ದರೆ ಮನಸ್ಸು ನಿಂತೀತು ಎಂಬ ಆಸೆ ನನ್ನದು.

“ಅಣ್ಣಾ, ಹೋದವರ ಫೋಟೋ ಯಾರರ ದೇವರ ಬಾಜೂಕ ಹಚ್ಚತಾರೇನ? ಪಡಸಾಲ್ಯಾಗ ಹಾಕು,” ಎಂದಳು ಸಾವಿತ್ರೆವ್ವ.

“ಆಕಿ ನನಗ ದೇವರಕಿಂತ ಕಡಿಮಿ ಇರಲಿಲ್ಲ.”

“ಈ ಮಾತ ವೈನಿ ಕೇಳಿದ್ರ ನಿನ್ನ ಬಾಯಾಗ ವಿಭೂತಿ ಗಟ್ಟಿ ತುರುಕತಿದ್ಲು.”

ಅತ್ತಿಗೆಯ ಮಾತೆತ್ತಿದರೂ ನಾನು ಕೇಳಲಿಲ್ಲ. ಸ್ವಿಚ್ ಬೋರ್ಡ್ ಮಾಡದ ಬಲಕ್ಕಿತ್ತು. ಎಡಗೋಡೆಯಲ್ಲಿ ವಾಯರಿಗೆ ಏನು ಕೆಲಸ ಎಂದುಕೊಂಡು ಅಲ್ಲೇ ಗುರುತು ಹಾಕಿದ್ದೆ. ಡ್ರಿಲ್ ಮಣ್ಣಿನೊಳಗೆ ಸಲೀಸಾಗಿ ಹೋಯಿತು. ಏನೋ ತಡೆದಂತಾಯಿತು; ಕಲ್ಲಿರಬೇಕೆಂದು ಒತ್ತಿದೆ. ಪಟ್ಟನೆ ಕಿಡಿ ಹಾರಿ ಮನೆಯ ದೀಪಗಳೆಲ್ಲ ಆರಿದವು. ತೂತಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು.

ಫ್ಯೂಸಿಗೆ ಹೊಸ ತಂತಿ ಹಾಕಿದೆ. ಪಡಸಾಲೆಯ ದೀಪ ಹತ್ತಿತು, ದೇವರ ಕೋಣೆಯದು ಹತ್ತಲಿಲ್ಲ. ಇಷ್ಟೇ ತಾನೆ ಎಂದು ನಾನು ಸುಮ್ಮನಿದ್ದಾಗ, ಎಣ್ಣೆಯ ದೀಪ ಹಚ್ಚಲು ಒಳಗೆ ಹೋದ ಸಾವಿತ್ರೆವ್ವ ಗೋಡೆಗೆ ಕೈ ಊರಿದಳು. “ಯವ್ವಾ!” ಎಂದು ಚೀರಿ ಹಿಂದಕ್ಕೆ ಬಿದ್ದಳು. ಮಳೆಗೆ ತೇವ ಕುಡಿದಿದ್ದ ಮಣ್ಣಿನ ಗೋಡೆಗೆ ಕರೆಂಟ್ ಇಳಿದಿತ್ತು.

ಓಡಿಹೋಗಿ ಮೇನ್ ಸ್ವಿಚ್ ತೆಗೆದೆ. ಬಂದು ಅವಳ ಕೈ ಹಿಡಿದು ಕುಳಿತೆ.

“ಸತ್ತಿಲ್ಲ ಬಿಡು,” ಎಂದಳು ಆಕೆ. “ನನ್ನ ಫೋಟೋಕ್ಕೂ ಒಂದು ತೂತ ಹಾಕಾಂವಿದ್ದೇನ?”

ನಗಲಾಗಲಿಲ್ಲ. ಆಸೀಫನಿಗೆ ಫೋನ್ ಮಾಡಿದೆ. ನಮ್ಮ ಮನೆಗೆ ಮೊದಲು ವಾಯರಿಂಗ್ ಮಾಡಿದವನು ಅವನ ತಂದೆ ಅಬ್ದುಲ್‌ಸಾಬ; ಈಗ ಅವನಿಲ್ಲ, ಆ ಕೆಲಸವನ್ನು ಮಗ ನೋಡುತ್ತಾನೆ.

ಆಸೀಫ್ ಬಂದವನೇ ತೂತು ನೋಡಿದ. “ಕರೆಂಟ್ ಹೋದ್ರ ಊರ ಮಂದಿ ಲೈನ್‌ಮನ್‌ಗ ಬೈತಾರ. ಇವತ್ತ ಯಾರಿಗೆ ಬೈಯೂದ್ರಿ ಕಾಕಾ?”

“ನನಗ ಬೈ. ಮೊದಲು ಸರಿ ಮಾಡು.”

ಮೇನ್ ತೆಗೆದದ್ದನ್ನು ತಾನೇ ನೋಡಿ ಬಂದು, ಟೆಸ್ಟರ್ ಹಚ್ಚಿ, ಆಮೇಲೆ ಉಳಿ ಸುತ್ತಿಗೆಯಿಂದ ಗಿಲಾವು ಬಿಡಿಸತೊಡಗಿದ. ಒಡೆದ ಪೈಪು ಕಂಡಿತು. ಅದು ಎತ್ತ ಹೋಗಿದೆಯೆಂದು ಇನ್ನಷ್ಟು ಬಿಡಿಸಿದ. ಪೈಪು ಮೇಲಿನಿಂದ ಎಡಗೋಡೆಯಲ್ಲಿ ಇಳಿದು, ಮಾಡದ ಕೆಳಗೆ ಹಾಯ್ದು, ಬಲಕ್ಕೆ ಹೊರಳಿ ಮತ್ತೆ ಮೇಲೇರಿ ಬೋರ್ಡಿಗೆ ಸೇರಿತ್ತು.

“ಜಂತಿ ಬುಡಕ ಸೀದಾ ತಂದು ಬಲಕ್ಕ ಇಳಿಸಿದ್ರ ಮುಗೀತಿತ್ತು. ನಮ್ಮಪ್ಪ ಹಿಂಗ ಸುತ್ತ ಹಾಕೂ ಮನಿಷಾ ಅಲ್ಲರಿ. ಯಾರೋ ನಿಂತ ಹಾಕಿಸ್ಯಾರ.”

ಸಾವಿತ್ರೆವ್ವ ಸೆರಗು ಬಾಯಿಗೆ ಹಿಡಿದಳು. “ವೈನಿ ಹಾಕಿಸಿದ್ಲು. ಆಗ ನಾನೂ ಇಲ್ಲೇ ಇದ್ನಿ. ಅಣ್ಣಾ, ನೀ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗಿದ್ದಿ. ‘ವೀರಭದ್ರನ ತೆಲಿ ಮ್ಯಾಲ ಕರೆಂಟ್ ಹಾಯೂದು ಬ್ಯಾಡ, ಕಾಲಾಗ ಹಾದು ಹೋಗ್ಲಿ’ ಅಂದ್ಲು. ಅಬ್ದುಲಣ್ಣ ಏನಂದ ಗೊತ್ತೇನ? ‘ಹೌದವ್ವಾ, ದರ್ಗಾದಾಗ ನಾವೂ ತೆಲಿ ದಿಕ್ಕು ನೋಡೇ ನಡೀತೀವಿ’ ಅಂತ ಮುಗಿಸಿದ್ದ ಗೋಡಿ ಮತ್ತ ಕೊರದ.”

ಇದೇ ಮನೆಯಲ್ಲಿ ಇಷ್ಟು ವರ್ಷ ಕಳೆದ ನನಗೆ ಈ ಸಂಗತಿ ಗೊತ್ತಿರಲಿಲ್ಲ.

ಆಸೀಫ್ ವಾಯರ್ ಎಳೆದು ನೋಡಿದ. ಅದು ಕದಲಲಿಲ್ಲ. “ಇಷ್ಟು ತಿರುವಿನಾಗ ಹೊಸಾ ವಾಯರ್ ಹೋಗಂಗಿಲ್ಲರಿ. ಎರಡ ಹಾದಿ ಅದಾವು. ಸುಟ್ಟಲ್ಲೇ ಜೋಡಿಸಿ ಪೆಟ್ಟಿಗಿ ಕೂಡಸ್ತೀನಿ. ಜೋಡಿಸಿದ್ದನ್ನ ಗ್ವಾಡ್ಯಾಗ ಮುಚ್ಚಬಾರದು, ಮುಚ್ಚಳ ತಗದು ನೋಡೂ ಹಂಗಿರಬೇಕು. ಹಂಗ ಮಾಡಿದ್ರ ಈ ಕಡೆ ಫೋಟೋ ಬರಂಗಿಲ್ಲ. ಮ್ಯಾಲಿಂದ ಕೆಳಗಿನ ತನಕಾ ಪೈಪ್ ಐತಿ, ಎಲ್ಲಿ ಮೊಳಿ ಹೊಡದ್ರೂ ಅಪಾಯ.”

“ಇನ್ನೊಂದು?”

“ಇದನ್ನ ಬಿಟ್ಟ ಬಿಡೂಣು. ಜಂತಿ ಬುಡಕ ಹೊಸಾ ಪೈಪ್ ಸೀದಾ ಒಗೀತೀನಿ. ಈ ತೂತ ಸಿಮೆಂಟ್‌ಲೇ ಮುಚ್ಚಿದ್ರ ಕಾಕೂನ ಫೋಟೋ ನೀವ ಅಂದಲ್ಲೇ ಹಾಕಬಹುದು.”

ಅಂದರೆ ವೀರಭದ್ರನ ತಲೆಯ ಮೇಲೆ. ಆಸೀಫ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಸಾವಿತ್ರೆವ್ವ ಎದ್ದು ಅಡಿಗೆಮನೆಗೆ ಹೋದಳು.

ಫೋಟೋ ಮಣೆಯ ಮೇಲಿತ್ತು. ಮಗಳಿಲ್ಲದ ನಮಗೆ ಸೊಸೆ ಬಂದ ವರ್ಷ ತೆಗೆಸಿದ್ದು. ಅವಳು ನಗಬೇಕೋ ಬಾರದೋ ಎಂಬಂತೆ ಕುಳಿತಿದ್ದಾಳೆ. ಅವಳ ಮುಖ ಬೇಕಿದ್ದರೆ ಅವಳು ಮಾಡಿಸಿದ್ದನ್ನು ನಾನು ಕೆಡಿಸಬೇಕಿತ್ತು. ಕೆಡಿಸಿದರೆ ಆ ಮುಖವನ್ನು ದಿನಾಲು ಹೇಗೆ ನೋಡಲಿ? ಕೆಡಿಸದಿದ್ದರೆ ನನ್ನ ಪೂಜೆಯ ಗತಿ ಏನು? ಶಿವನೇ, ಇದನ್ನೂ ನನ್ನ ಕೈಗೇ ಕೊಟ್ಟೆಯಾ ಎಂದು ಒಳಗೇ ಕೇಳಿದೆ. ಹೊರಗೆ ಮಳೆ ಸುರಿಯುತ್ತಿತ್ತು.

“ಕಾಕಾ, ಏನ ಮಾಡ್ಲಿ?”

“ಪೆಟ್ಟಿಗಿ ಹಾಕು,” ಎಂದೆ. ಫೋಟೋ ಮಣೆಯಿಂದ ಎತ್ತಿ ಪಡಸಾಲೆಗೆ ತಂದಿಟ್ಟೆ.

ಅವನು ಸುಟ್ಟ ತುದಿಗಳನ್ನು ಕತ್ತರಿಸಿ, ಹೊಸ ತುಂಡು ಜೋಡಿಸಿ, ಪೆಟ್ಟಿಗೆ ಕೂಡಿಸಿ ಸುತ್ತ ಸಿಮೆಂಟ್ ಬಳಿದ. ಮೇನ್ ಹಾಕಿ ಗೋಡೆಗೆಲ್ಲ ಟೆಸ್ಟರ್ ಹಚ್ಚಿ ನೋಡಿದ. ಹೋಗುವ ಮುಂದೆ, ಕೇಳದೆಯೇ, ಪಡಸಾಲೆಯಲ್ಲಿ ಮೊಳೆ ಹೊಡೆದು ಫೋಟೋ ಹಾಕಿಕೊಟ್ಟ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಲಿಂಗ ಹಿಡಿದು ಕುಳಿತೆ. ದೃಷ್ಟಿ ಮತ್ತೆ ಎಡಕ್ಕೇ ಹೋಯಿತು. ಅಲ್ಲಿ ಅವಳ ಮುಖವಿರಲಿಲ್ಲ. ಬಿಳಿಯ ಮುಚ್ಚಳ, ಸುತ್ತಲೂ ಹಸಿ ಸಿಮೆಂಟು. ಅಲ್ಲಿಂದ ಕಣ್ಣು ತಾನಾಗಿಯೇ ಕೆಳಗಿಳಿದು, ದೇವರ ಕಾಲಡಿ ಹಾಯ್ದು, ಬಲಕ್ಕೆ ಏರಿ, ತಿರುಗಿ ಅಂಗೈಗೆ ಬಂತು. ಮಂತ್ರ ತಪ್ಪಿತು. ಮೊದಲಿನಿಂದ ಹಿಡಿದೆ. ಮತ್ತೆ ತಪ್ಪಿತು. ಆದರೂ ಏಳಲಿಲ್ಲ. ಸಾವಿತ್ರೆವ್ವ ಚಹಾದ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ನನ್ನನ್ನು ನೋಡಿ ಸದ್ದಿಲ್ಲದೆ ಹಿಂದಿರುಗಿದಳು.